ಉದ್ದದಿಂದ ಒಂದು ಕಳೆದು

ಸದಾಶಿವ ಪೇಠೆ, ಮೂರನೇ ಮಹಡಿ.
ಕೆಳಗಿನ ಬೈಂಡಿಂಗ್ ಅಂಗಡಿಯಿಂದ ಅಂಟಿನ ವಾಸನೆ.
ಇಡೀ ಓಣಿ ಶಟರ್ ಎಳೆದು ಮಲಗಿರುವ ಹೊತ್ತು
ನಾವು ನಾಲ್ವರು ಎದ್ದಿದ್ದೇವೆ, ಒಂದು ಪದಕ್ಕಾಗಿ.

ಪದ ಇಷ್ಟೇ: ಕೊನೆ.
ಪಟ್ಟಿಯ ಹೆಸರು, ಒಂದು ಚುಕ್ಕಿ, ಕೊನೆ.
ಈಗ ಅದನ್ನೇ ಹೇಳಬೇಕೆಂದರೆ
ಪಟ್ಟಿಯ ಉದ್ದ ಕೇಳು, ಅದರಿಂದ ಒಂದು ಕಳೆ,
ಉಳಿದ ಅಂಕಿಯ ಬಾಗಿಲು ತಟ್ಟು.
ಹನ್ನೊಂದು ವರ್ಷ ಹಾಗೇ ತಟ್ಟಿದ್ದೇವೆ.

ನಮ್ಮ ಭಾಷೆ ಚಿಕ್ಕದು. ಅದರ ಕೈಪಿಡಿಯನ್ನು
ಸ್ವಾರಗೇಟ್ ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಹಿಡಿದು,
ಇಳಿಯುವಷ್ಟರಲ್ಲಿ ಮುಗಿಸಬಹುದು.
ಇದೊಂದು ಹೆಮ್ಮೆ ನನಗೆ;
ಮತ್ತೇನೂ ಅಂಥದ್ದು ನಾನು ಕಟ್ಟಿಲ್ಲ.

ಥತ್ತೆ ಅಂದ: ಇವತ್ತು ಕೊನೆ,
ನಾಳೆ ಕೊನೆಯ ಹಿಂದಿನದು, ನಾಳಿದ್ದು ನಟ್ಟನಡುವಿನದು.
ಬೆರಳು ಕೊಟ್ಟರೆ ಹಸ್ತ ನುಂಗುವ ಜನ.
ಇಟ್ಟ ಹೆಸರನ್ನು ಆಮೇಲೆ ವಾಪಸು ಕೇಳಲಾಗದು,
ಯಾವುದೋ ಊರಲ್ಲಿ ಯಾರದೋ ಪ್ರೋಗ್ರಾಮು
ಆ ಹೆಸರಿಗೆ ಓಗೊಡುತ್ತಾ ಕೂತಿರುತ್ತದೆ.
ನಾನು ತಲೆಯಾಡಿಸಿದೆ. ಥತ್ತೆ ಮಾತಾಡಿದಾಗೆಲ್ಲ
ನನ್ನ ತಲೆ ತಾನಾಗಿ ಆಡುತ್ತದೆ.

ಗಡಿಯಾರದಲ್ಲಿ ಅವರಿಗೆ ಅಡೀಚ್. ನನಗೆ ಎರಡೂವರೆ.
ಅಡೀಚ್ ಎಂದರೆ ಅಡೀಚ್, ಒಳಗೆ ಎರಡೂ ಕಾಣದು, ಅರೆಯೂ ಕಾಣದು,
ಬಾಯಿಪಾಠ ಮಾಡಿದವನಿಗಷ್ಟೇ ದಕ್ಕುವ ಮಾತು.
ನನ್ನದೋ, ಎರಡು ಇದೆ, ಅರೆ ಇದೆ,
ನಡುವೆ ಬಿರುಕು ಬಿಡದಂತೆ ಒಂದು ವಕಾರ.
ಬಿಚ್ಚಿ ನೋಡಬಹುದು, ಮತ್ತೆ ಜೋಡಿಸಬಹುದು.
ಸಣ್ಣವನಿದ್ದಾಗ ಹಾಲಿನ ಭೈಯನ ಮುಂದೆ
ದೀಡ್ ನೆನಪಾಗದೆ 'ಒಂದು ಮತ್ತು ಅರ್ಧ' ಅಂದು
ನಗಿಸಿಕೊಂಡವನು ನಾನು.
ಅಂದೇ ಪಣ ತೊಟ್ಟೆನೋ ಏನೋ,
ಬಿಚ್ಚಲು ಬಾರದ ಪದ ನನ್ನ ಭಾಷೆಗೆ ಬೇಡ ಅಂತ.

ಆಗ ಇಲ್ಯಾಸ್ ತಾಂಬೋಳಿ ಮಡಿಸಿದ ಚೀಟಿ ತೆಗೆದ.
ಭೋರ್ ಕಡೆಯ ಹಾಲಿನ ಡೇರಿ. ನಮ್ಮದೇ ಭಾಷೆಯಲ್ಲಿ
ಹುಡುಗನೊಬ್ಬ ಬರೆದ ಬಟವಾಡೆ ಲೆಕ್ಕ.
ಕೊನೆಯ ಹೆಸರಿನ ಕೆಳಗೆ ಗೆರೆ ಎಳೆದು ಮೊತ್ತ ಬರೆಯಬೇಕು;
ರಾತ್ರಿ ಒಂದಕ್ಕೆ, ಕಳೆದದ್ದನ್ನೇ ಇನ್ನೊಮ್ಮೆ ಕಳೆದ.
ಸೋನಾಬಾಯಿಗೆ ಎರಡು ಚೀಟಿ ಬಂತು, ಸುಮ್ಮನಿದ್ದಳು.
ಹೌಸಾಬಾಯಿಗೆ ಇಲ್ಲ.
ಮೂರು ಪಕ್ಷ ಇಲ್ಲ.
ವರ್ಣಮಾಲೆ ಅವಳನ್ನು ತುದಿಗೆ ನಿಲ್ಲಿಸಿತ್ತು, ಅಷ್ಟೇ ಅವಳ ತಪ್ಪು.
ನಾಲ್ಕನೆಯ ಸಲ ಕ್ಯಾನಿನ ಮುಚ್ಚಳದಿಂದ
ಕಂಪ್ಯೂಟರಿನ ಮೇಜಿಗೆ ಬಡಿದಳಂತೆ.

ಥತ್ತೆ ಕನ್ನಡಕ ಒರೆಸಿದ. ಹುಡುಗನ ತಪ್ಪು, ಭಾಷೆಯದಲ್ಲ.
ನಿಜ, ಅಂದೆ. ಆದರೆ ಗಂಟಲಲ್ಲಿ ಏನೋ ನಿಂತಿತ್ತು.
ಅದನ್ನು ಮುಚ್ಚಲು ನನ್ನ ಕಡೆಯ ಪಟ್ಟು ಹಾಕಿದೆ:
ಪಟ್ಟಿ ಖಾಲಿಯಿದ್ದರೆ, ಕೊನೆ ಯಾರು?

ಊರ್ಮಿಳಾ ಪರಾಂಜಪೆ ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ.
ಖಾಲಿ ಪಟ್ಟಿಯ ಉದ್ದ ಸೊನ್ನೆ, ಅಂದಳು.
ಸೊನ್ನೆಯಿಂದ ಒಂದು ಕಳೆದು
ಹನ್ನೊಂದು ವರ್ಷ ಯಾವ ಬಾಗಿಲು ತಟ್ಟುತ್ತಿದ್ದಿರಿ?
ಆಗ ಯಾಕೆ ಕೇಳಲಿಲ್ಲ?

ಫ್ಯಾನು ತಿರುಗಿತು.
ಕೆಳಗೆ ಯಾರೋ ಒಂದು ಶಟರ್ ಎತ್ತಿದರು.

ಏನೂ ಬರೆದುಕೊಳ್ಳಲಿಲ್ಲ. ಮೆಟ್ಟಿಲಿಳಿದೆವು.
ಅಮೃತತುಲ್ಯದಲ್ಲಿ ಚಹಾ; ದುಡ್ಡು ಥತ್ತೆ ಕೊಟ್ಟ,
ಇದು ಕೂಡ ಹನ್ನೊಂದು ವರ್ಷದಲ್ಲಿ ಮೊದಲು.
ಪರಾಂಜಪೆ ಸ್ಕೂಟರ್ ಏರಿ, ಓಢಣಿ ಮುಖಕ್ಕೆ ಸುತ್ತಿ,
'ಪರ್ವಾ' ಅಂದಳು. ಮುಂದಿನ ಮಾತನ್ನು
ಬಸ್ಸಿನ ಹಾರ್ನು ನುಂಗಿತು.

ಇವರ ಪರ್ವಾ ಎರಡು ದಿಕ್ಕಿಗೂ ಮುಖವಿರುವ ಪದ.
ಕ್ರಿಯಾಪದ ಬಂದ ಮೇಲೆಯೇ ಗೊತ್ತು
ಮೊನ್ನೆಯೋ, ನಾಳಿದ್ದೋ.
ನಾಳಿದ್ದು ತೀರ್ಮಾನಿಸೋಣ ಅಂದಳೋ,
ಮೊನ್ನೆಯೇ ಸೇರಿಸಿಬಿಟ್ಟೆ ಅಂದಳೋ.

ಹಿಂದೆ ಓಡಿಹೋಗಿ ಕೇಳಬಹುದಿತ್ತು,
ಸಿಗ್ನಲ್ ಕೆಂಪಿತ್ತು.
ನಾನು ಗ್ಲಾಸಿನ ತಳದಲ್ಲಿದ್ದ
ಆ ಒಂದು ಗುಟುಕು ಕುಡಿಯುತ್ತಾ ನಿಂತೆ.